ಹಳೆಯ ಕಾರಿನ ಡ್ರೈವ್ ಆಕ್ಸಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿಗೆ ವಯಸ್ಸಾದಂತೆ ಡ್ರೈವ್ ಆಕ್ಸಲ್ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು, ಆದಷ್ಟು ಕೇಳಿದವರ ಮಾತಿನಲ್ಲೇ, ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿದ್ದೇವೆ. ಬಹುತೇಕ ಉತ್ತರಗಳು ಮುಂದಿನ ಚಕ್ರಗಳಿಂದ ಓಡುವ ಕಾರಿನವು. ಹಿಂಚಕ್ರ ಚಾಲನೆಯ ಕಾರಿನ ಪ್ರಶ್ನೆ ಕೊನೆಯಲ್ಲಿದೆ. ಇಲ್ಲಿ ಕೊಟ್ಟಿರುವ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಮತ್ತು ಗ್ರೀಸ್ ಪ್ರಮಾಣ ಸಾಮಾನ್ಯ ಅಂದಾಜು. ಬಿಗಿಯುವ ಹೊತ್ತಿಗೆ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿ ಕೈಯಲ್ಲಿರಲಿ.

## ಮೊದಲು ತಿಳಿಯಬೇಕಾದದ್ದು

ಡ್ರೈವ್ ಶಾಫ್ಟ್, ಸಿವಿ ಆಕ್ಸಲ್, ಹಾಫ್ ಶಾಫ್ಟ್ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇವೆಲ್ಲ ಬೇರೆ ಬೇರೆಯೇ?

ಮುಂಚಕ್ರ ಚಾಲನೆಯ ಕಾರಿನಲ್ಲಿ ಮೂರೂ ಒಂದೇ. ಸಿವಿ ಅಂದರೆ ಕಾನ್‌ಸ್ಟಂಟ್ ವೆಲಾಸಿಟಿ, ಬಾಗಿದರೂ ಒಂದೇ ಸಮ ವೇಗದಲ್ಲಿ ತಿರುಗುವ ಕೀಲು. ಗೇರ್‌ಬಾಕ್ಸ್‌ನಿಂದ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಶಾಫ್ಟ್ ಹೊರಟು ಚಕ್ರದ ಹಬ್ (ಚಕ್ರ ಕೂರುವ ನಡುಭಾಗ) ಸೇರುತ್ತವೆ. ಪ್ರತಿ ಶಾಫ್ಟಿಗೂ ಎರಡು ಕೀಲು. ಚಕ್ರದ ಕಡೆಯದು ಹೊರ ಜಾಯಿಂಟ್: ಬಾಗಿದ ಗಾಡಿಗಳಲ್ಲಿ (ಲೋಹದಲ್ಲಿ ಕೊರೆದ ತೋಡುಗಳಲ್ಲಿ) ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ಓಡುತ್ತವೆ, ಸ್ಟೀರಿಂಗ್ ಪೂರ್ತಿ ತಿರುಗಿದಾಗ 45 ಡಿಗ್ರಿಯ ಆಸುಪಾಸಿಗೆ ಬಾಗುತ್ತದೆ. ಗೇರ್‌ಬಾಕ್ಸ್ ಕಡೆಯದು ಒಳ ಜಾಯಿಂಟ್: ಇದು ಅಷ್ಟು ಬಾಗುವುದಿಲ್ಲ, ಆದರೆ ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟ್‌ನ ಉದ್ದ ಹೆಚ್ಚು ಕಡಿಮೆ ಆಗಬೇಕಲ್ಲ, ಅದಕ್ಕೆ ಒಳಹೊರಗೆ ಜಾರುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದು ಮೂರು ರೋಲರ್‌ಗಳ ಟ್ರೈಪಾಡ್. ಎರಡೂ ಜಾಯಿಂಟ್‌ಗಳ ಮೇಲೆ ಗ್ರೀಸ್ ತುಂಬಿದ ರಬ್ಬರ್ ಅಥವಾ ಪ್ಲಾಸ್ಟಿಕ್ ಬೂಟ್ ಇರುತ್ತದೆ.

ಗುಂಡಿನ ಜಾಯಿಂಟ್ 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ರೂಪಿಸಿದ್ದು. 1959ರಲ್ಲಿ ಬಂದ ಮಿನಿ ಕಾರು ಇದೇ ಬಗೆಯ ಜಾಯಿಂಟ್ ಬಳಸಿತು. ಇಷ್ಟು ವರ್ಷವಾದರೂ ಮೂಲ ವಿನ್ಯಾಸ ಬದಲಾಗಿಲ್ಲ, ಏಕೆಂದರೆ ಕೊಳೆ ಒಳಗೆ ಹೋಗದಿದ್ದರೆ ಅದು ಕಾರಿನಷ್ಟೇ ಕಾಲ ಬಾಳುತ್ತದೆ.

ಹಾಗಿದ್ದರೆ ಆಕ್ಸಲ್ ಹಾಳಾಗುವುದು ಯಾಕೆ?

ಬಹುಪಾಲು ಸಲ ಬೂಟ್ ಹರಿದಿದ್ದಕ್ಕೆ. ರಬ್ಬರ್ ವಯಸ್ಸಿನಿಂದ ಗಟ್ಟಿಯಾಗಿ ಮಡಿಕೆಯ ತಳದಲ್ಲಿ ಸೀಳುತ್ತದೆ, ಇಲ್ಲವೇ ಕ್ಲಾಂಪ್ ಸಡಿಲವಾಗುತ್ತದೆ. ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಎರಚಿಹೋಗುತ್ತದೆ, ಆ ಜಾಗಕ್ಕೆ ನೀರು, ಮರಳು ಸೇರುತ್ತದೆ. ಮರಳು ಸೇರಿದ ಗ್ರೀಸ್ ಅರೆಯುವ ಲೇಪವಾಗಿಬಿಡುತ್ತದೆ. ಗುಂಡು ಓಡುವ ಗಾಡಿಗಳಲ್ಲಿ ಸಣ್ಣ ಗುಳಿ ಬೀಳುತ್ತವೆ, ಆಮೇಲೆ ಶಬ್ದ ಶುರು. ಅದಕ್ಕೇ ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗ ನಾಲ್ಕೂ ಬೂಟುಗಳ ಮಡಿಕೆ ಬಿಡಿಸಿ ನೋಡಿ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಹೊರ ಬೂಟಿನ ಮಡಿಕೆ ತೆರೆದುಕೊಂಡು ಸಣ್ಣ ಬಿರುಕೂ ಕಾಣುತ್ತದೆ. ಈ ಪುಟದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನೇ ಪಾಲಿಸಿ.

ತಿರುವಿನಲ್ಲಿ ಕಟಕಟ ಅನ್ನುತ್ತೆ. ಆಕ್ಸಲ್ಲೇ ಅಂತ ಹೇಗೆ ಖಚಿತ ಮಾಡಿಕೊಳ್ಳಲಿ?

ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಿಧಾನವಾಗಿ ವೃತ್ತ ಸುತ್ತುತ್ತ ಸ್ವಲ್ಪ ಆಕ್ಸಿಲರೇಟರ್ ಒತ್ತಿ. ಬಲಕ್ಕೂ ಎಡಕ್ಕೂ, ಮುಂದಕ್ಕೂ ಹಿಂದಕ್ಕೂ ಮಾಡಿ. ಚಕ್ರದ ವೇಗಕ್ಕೆ ತಕ್ಕಂತೆ ಕಟಕಟ ಕೇಳಿ, ಆಕ್ಸಿಲರೇಟರ್ ಒತ್ತಿದಾಗ ಜೋರಾಗಿ, ಬಿಟ್ಟಾಗ ಇಳಿದರೆ ಅದು ಹೊರ ಜಾಯಿಂಟ್.

ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ಮಾತ್ರ ಇಡೀ ಕಾರು ಅಕ್ಕಪಕ್ಕ ನಡುಗಿ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಶಾಂತವಾದರೆ ಒಳ ಟ್ರೈಪಾಡ್ ಸವೆದಿದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಒಂದೊಂದೇ ‘ಟಣ್’ ಎಂದರೆ ಒಳ ಜಾಯಿಂಟ್ ಇರಬಹುದು, ಎಂಜಿನ್ ಮೌಂಟ್ ಕೂಡ ಇರಬಹುದು. ಮೌಂಟ್ ಮೊದಲು ನೋಡಿ. ವೇಗದೊಂದಿಗೆ ಏರುವ ‘ಗುಂಯ್’ ಎಂಬ ನಿರಂತರ ಸದ್ದು ಆಕ್ಸಲ್ ಅಲ್ಲ, ಹೆಚ್ಚಾಗಿ ವೀಲ್ ಬೇರಿಂಗ್ ಅಥವಾ ಅಸಮವಾಗಿ ಸವೆದ ಟೈರ್. ಗುಂಡಿ, ಉಬ್ಬು ಹತ್ತಿಳಿಯುವಾಗಿನ ಕಟಕಟವೂ ಆಕ್ಸಲ್ಲಿನದಲ್ಲ, ಸಸ್ಪೆನ್ಶನ್ ಕಡೆ ಹುಡುಕಿ.

ಎಡ ಆಕ್ಸಲ್ಲೋ ಬಲದ್ದೋ ಗೊತ್ತಾಗುತ್ತಿಲ್ಲ.

ಬಲಕ್ಕೆ ತಿರುಗಿದಾಗ ಸದ್ದು ಬಂದರೆ ಎಡದ್ದು, ಎಡಕ್ಕಾದರೆ ಬಲದ್ದು ಎಂಬ ಮಾತು ಅನೇಕ ಸಲ ನಿಜ, ಯಾವಾಗಲೂ ಅಲ್ಲ: ಹೊರಬದಿಯ ಚಕ್ರದ ಮೇಲೆ ಭಾರ ಹೆಚ್ಚು, ಆದರೆ ಒಳಬದಿಯ ಚಕ್ರ ಹೆಚ್ಚು ಬಾಗಿರುತ್ತದೆ. ಕಿವಿಗಿಂತ ಕಣ್ಣನ್ನು ನಂಬಿ. ಯಾವ ಕಡೆಯ ರಿಮ್ಮಿನ ಒಳಮೈ, ಶಾಕ್ ಅಬ್ಸಾರ್ಬರ್, ಕೆಳ ಆರ್ಮ್ ಮೇಲೆ ಕಪ್ಪು ಗ್ರೀಸ್ ಎರಚಿದೆಯೋ ಅದೇ ಕಡೆ. ಆಮೇಲೆ ಕಾರನ್ನು ಎತ್ತಿ, ಹಬ್ ಹಿಡಿದು ಶಾಫ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ. ಹೊರ ಜಾಯಿಂಟ್‌ನಲ್ಲಿ ಕೈಗೆ ತಟ್ಟುವಷ್ಟು ತಿರುಗು ಸಡಿಲ ಇರಬಾರದು. ಒಳ ಜಾಯಿಂಟ್ ಒಳಹೊರಗೆ ಜಾರುವುದು ಅದರ ಕೆಲಸವೇ, ಅದನ್ನು ದೋಷವೆಂದು ಎಣಿಸಬೇಡಿ.

ಸದ್ದು ಬರ್ತಾ ಇದ್ದರೂ ಇನ್ನೆಷ್ಟು ದಿನ ಓಡಿಸಬಹುದು?

ದಿನ ಎಣಿಸಿ ಹೇಳಲು ಆಗುವುದಿಲ್ಲ. ಸಣ್ಣ ಕಟಕಟದೊಂದಿಗೆ ತಿಂಗಳುಗಟ್ಟಲೆ ಓಡಿದ ಜಾಯಿಂಟ್‌ಗಳಿವೆ. ಸದ್ದು ನೇರ ಓಟದಲ್ಲೂ ಕೇಳತೊಡಗಿದರೆ ಮಾತ್ರ ನಿಲ್ಲಿಸಿಬಿಡಿ. ಜಾಯಿಂಟ್ ಒಡೆದರೆ ಡಿಫರೆನ್ಶಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಶಕ್ತಿಯನ್ನೆಲ್ಲ ತುಂಡಾದ ಕಡೆಗೇ ಹರಿಸುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ. ಇನ್ನೂ ಮುಖ್ಯವಾದದ್ದು: ಒಂದು ಆಕ್ಸಲ್ ತುಂಡಾಗಿದ್ದರೆ ಅಥವಾ ಬಿಚ್ಚಿಟ್ಟಿದ್ದರೆ ಆಟೋಮ್ಯಾಟಿಕ್ ಕಾರನ್ನು ‘ಪಾರ್ಕ್’ ಹಿಡಿದು ನಿಲ್ಲಿಸುವುದಿಲ್ಲ, ಮ್ಯಾನ್ಯುಯಲ್ ಕಾರನ್ನು ಗೇರ್ ನಿಲ್ಲಿಸುವುದಿಲ್ಲ. ಹ್ಯಾಂಡ್ ಬ್ರೇಕ್ ಮತ್ತು ಚಕ್ರಕ್ಕೆ ಅಡ್ಡ ಇಟ್ಟ ಗಟ್ಟಿ ಆನಿಕೆ ಮಾತ್ರ ಗತಿ.

## ಏನು ಬದಲಿಸಬೇಕು, ಏನು ಕೊಳ್ಳಬೇಕು

ಬೂಟ್ ಹರಿದಿದೆ, ಸದ್ದು ಇನ್ನೂ ಇಲ್ಲ. ಬೂಟ್ ಮಾತ್ರ ಹಾಕಿಸಲೋ, ಹೊಸ ಆಕ್ಸಲ್ಲೇ ಕೊಳ್ಳಲೋ?

ಸದ್ದಿಲ್ಲದಿದ್ದರೆ, ಕಾರಿನೊಂದಿಗೇ ಬಂದ ಮೂಲ ಆಕ್ಸಲ್ ಆಗಿದ್ದರೆ, ಅದನ್ನು ಬಿಚ್ಚಿ ತೊಳೆದು ಹೊಸ ಬೂಟ್, ಹೊಸ ಗ್ರೀಸ್ ಹಾಕುವುದೇ ನಮ್ಮ ಖಚಿತ ಸಲಹೆ. ಕಾರು ತಯಾರಕರ ಶಾಫ್ಟ್‌ನ ಉಕ್ಕು, ಅದರ ಶಾಖ ಸಂಸ್ಕಾರ, ಗಾಡಿಗಳ ನಯ ಇವೆಲ್ಲ ಅಗ್ಗದ ಬದಲಿ ಆಕ್ಸಲ್‌ಗಳಲ್ಲಿ ಸಿಗುವುದು ಅಪರೂಪ. ಹೊಸದು ಹಾಕಿದ ಮೇಲೆ ಹಿಂದೆ ಇರದ ನಡುಕ ಬಂತೆಂಬ ದೂರು ಸಾಮಾನ್ಯ, ಮತ್ತು ಅಷ್ಟರಲ್ಲಿ ಹಳೆಯದು ಅದಲು ಬದಲಿಗೆ ಹೋಗಿರುತ್ತದೆ.

ಬೂಟ್ ಹರಿದು ಬಹಳ ಕಾಲವಾಗಿ, ಗ್ರೀಸ್ ತುಕ್ಕಿನ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಮರಳು ತಟ್ಟುತ್ತಿದ್ದರೆ ತೊಳೆದು ನೋಡಿಯೇ ತೀರ್ಮಾನಿಸಿ. ಕಟಕಟ ಶುರುವಾದ ಜಾಯಿಂಟಿಗೆ ಬೂಟ್ ಹಾಕುವುದು ವ್ಯರ್ಥ. ಹೊಸ ಗ್ರೀಸ್ ಸದ್ದನ್ನು ಕೆಲವು ದಿನ ಮುಚ್ಚುತ್ತದೆ, ಗುಳಿ ಹಾಗೇ ಇರುತ್ತದೆ.

ಹೊರ ಜಾಯಿಂಟ್ ಮಾತ್ರ ಬದಲಿಸಬಹುದಾ?

ಆಗುತ್ತದೆ. ಅನೇಕ ಕಾರುಗಳಿಗೆ ಹೊರ ಜಾಯಿಂಟ್, ಬೂಟ್, ಗ್ರೀಸ್, ಕ್ಲಾಂಪ್, ನಟ್ ಒಟ್ಟಿಗೆ ಸಿಗುತ್ತವೆ. ಶಾಫ್ಟ್ ಮತ್ತು ಒಳ ಜಾಯಿಂಟ್ ಚೆನ್ನಾಗಿದ್ದರೆ ಇದು ಒಳ್ಳೆಯ ದಾರಿ. ಕೆಲವು ಶಾಫ್ಟ್‌ಗಳಲ್ಲಿ ಹೊರ ಜಾಯಿಂಟ್ ಕಳಚುವಂತೆಯೇ ಇರುವುದಿಲ್ಲ. ಅಲ್ಲಿ ಹೊರ ಬೂಟನ್ನೂ ಒಳ ಜಾಯಿಂಟ್ ಬಿಚ್ಚಿ ಆ ಕಡೆಯಿಂದಲೇ ತೂರಿಸಬೇಕು.

ಅಂಗಡಿಯಲ್ಲಿ ಹೊಸ ಆಕ್ಸಲ್ ಕೊಟ್ಟರೆ ಏನೇನು ಹೋಲಿಸಿ ನೋಡಬೇಕು?

ಹಳೆಯದನ್ನು ಪಕ್ಕದಲ್ಲಿ ಮಲಗಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ಒತ್ತಿ, ಒಟ್ಟು ಉದ್ದ ಅಳೆಯಿರಿ. ಎರಡೂ ತುದಿಗಳ ಸ್ಪ್ಲೈನ್ ಹಲ್ಲುಗಳನ್ನು (ಶಾಫ್ಟ್ ಮೈಮೇಲೆ ಉದ್ದಕ್ಕೆ ಕೊರೆದ ಹಲ್ಲುಗಳು) ಎಣಿಸಿ. ಒಂದು ಹಲ್ಲು ಹೆಚ್ಚು ಕಡಿಮೆಯಾದರೂ ಕೂರುವುದಿಲ್ಲ. ಆಯಿಲ್ ಸೀಲ್ ಕೂರುವ ಮೈಯ ವ್ಯಾಸವನ್ನು ಕ್ಯಾಲಿಪರ್‌ನಲ್ಲಿ ನೋಡಿ, ಆ ಮೈ ಗೀರಿಲ್ಲದೆ ನುಣುಪಾಗಿರಬೇಕು. ಎಬಿಎಸ್ ಇರುವ ಕಾರಾದರೆ ಹೊರ ಜಾಯಿಂಟ್ ಮೇಲಿನ ಹಲ್ಲಿನ ಉಂಗುರ ಇದೆಯೇ, ಹಲ್ಲುಗಳ ಸಂಖ್ಯೆ ಅಷ್ಟೇ ಇದೆಯೇ ಎಣಿಸಿ. ಉದ್ದನೆಯ ಶಾಫ್ಟ್ ಮೇಲೆ ದಪ್ಪ ರಬ್ಬರ್ ಮತ್ತು ಲೋಹದ ಡ್ಯಾಂಪರ್ ಇದ್ದಿದ್ದರೆ ಹೊಸದರಲ್ಲೂ ಇರಬೇಕು, ಅದೇ ಜಾಗದಲ್ಲಿರಬೇಕು. ಒಂದೇ ಮಾದರಿಯ ಕಾರಿನಲ್ಲೂ ಆಟೋಮ್ಯಾಟಿಕ್ಕಿಗೆ ಬೇರೆ, ಮ್ಯಾನ್ಯುಯಲ್ಲಿಗೆ ಬೇರೆ ಆಕ್ಸಲ್ ಇರುವುದುಂಟು.

ಕತ್ತರಿಸಿ ಅಂಟಿಸುವ ಬೂಟ್ ಸಿಗುತ್ತಂತಲ್ಲ, ಆಕ್ಸಲ್ ಬಿಚ್ಚುವ ಕೆಲಸವೇ ಇಲ್ಲ?

ತಾತ್ಕಾಲಿಕ ಉಪಾಯ. ಅಂಟಿನ ಸೀಳು ಪ್ರತಿ ಸುತ್ತಿಗೂ ಬಾಗಿ ಚಾಚುತ್ತದೆ, ಅಂಟಿಸುವಾಗ ಗ್ರೀಸ್ ಒಂದಿಷ್ಟು ತಾಗಿದ್ದರೂ ಬಿಟ್ಟುಕೊಳ್ಳುತ್ತದೆ. ಜಾಯಿಂಟ್ ಒಳಗಿನ ಕೊಳೆಯೂ ಹೋಗಿರುವುದಿಲ್ಲ.

## ಬಿಚ್ಚುವ ಕೆಲಸ

ಯಾವ ಯಾವ ಉಪಕರಣ, ಬಿಡಿಭಾಗ ಮೊದಲೇ ಸಿದ್ಧ ಮಾಡಿಕೊಳ್ಳಲಿ?

ಒಂದು ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಹಿಂಚಕ್ರಕ್ಕೆ ಆನಿಕೆ. ಆಕ್ಸಲ್ ನಟ್‌ಗೆ ಆರು ಮೂಲೆಯ ಸಾಕೆಟ್. 30, 32 ಅಥವಾ 36 ಮಿಮೀ ಸಾಮಾನ್ಯ. ಅದಕ್ಕೆ ಅರ್ಧ ಮೀಟರ್‌ಗಿಂತ ಉದ್ದದ ಬ್ರೇಕರ್ ಬಾರ್. 300 ನ್ಯೂಟನ್ ಮೀಟರ್‌ವರೆಗೆ ಹೋಗುವ ಟಾರ್ಕ್ ವ್ರೆಂಚ್. ಬಾಲ್ ಜಾಯಿಂಟ್ (ಸಸ್ಪೆನ್ಶನ್‌ನ ಕೆಳ ಕೀಲು) ಬಿಡಿಸುವ ಸಾಧನ, ಮೀಟುಗೋಲು, ಹಿತ್ತಾಳೆ ಅಥವಾ ತಾಮ್ರದ ಡ್ರಿಫ್ಟ್ (ಸುತ್ತಿಗೆಯ ಪೆಟ್ಟು ದಾಟಿಸುವ ಕಡ್ಡಿ), ಸರ್ಕ್ಲಿಪ್ ಇಕ್ಕಳ, ಬೂಟ್ ಕ್ಲಾಂಪ್ ಬಿಗಿಯುವ ಇಕ್ಕಳ, ತಂತಿ ಬ್ರಷ್, ಎಣ್ಣೆ ಹಿಡಿಯುವ ತಟ್ಟೆ.

ಬಿಡಿಭಾಗಗಳಲ್ಲಿ ಹೊಸ ಆಕ್ಸಲ್ ನಟ್, ಹೊಸ ಸರ್ಕ್ಲಿಪ್, ಹೊಸ ಸೀಲ್, ಸೀಳು ಪಿನ್ ಇದ್ದರೆ ಅದು, ಮತ್ತು ಗೇರ್‌ಬಾಕ್ಸಿಗೆ ಸರಿಯಾದ ಎಣ್ಣೆ. ಇವು ಸಣ್ಣ ವಸ್ತುಗಳು, ಆದರೆ ಒಂದು ಮರೆತರೂ ಅರ್ಧ ಬಿಚ್ಚಿದ ಕಾರಿನ ಮುಂದೆ ಕೂರಬೇಕಾಗುತ್ತದೆ. ಮೊದಲ ಸಲ ಮಾಡುವವರು ಒಂದು ಬದಿಗೆ ಅರ್ಧ ದಿನ ತೆಗೆದಿಡಿ.

ಆಕ್ಸಲ್ ನಟ್ ಏನು ಮಾಡಿದರೂ ಅಲುಗುತ್ತಿಲ್ಲ.

ಮೊದಲು ನಟ್‌ನ ಅಂಚು ಶಾಫ್ಟ್‌ನ ಗಾಡಿಗೆ ಬಡಿದು ಕೂರಿಸಿದ್ದಾರೆಯೇ ನೋಡಿ. ಇದ್ದರೆ ಸಣ್ಣ ಉಳಿಯಿಂದ ಆ ಅಂಚನ್ನು ಪೂರ್ತಿ ಮೇಲೆತ್ತಿ, ಇಲ್ಲದಿದ್ದರೆ ಶಾಫ್ಟ್‌ನ ಮರೆಯೇ (ನಟ್ ಹತ್ತುವ ಸ್ಕ್ರೂ ಸುತ್ತು) ಹಾಳಾಗುತ್ತದೆ. ತಂತಿ ಬ್ರಷ್‌ನಲ್ಲಿ ಮರೆ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಡಿ.

ನಟ್ ಸಡಿಲಿಸುವುದು ಕಾರು ನೆಲದ ಮೇಲಿರುವಾಗ, ಚಕ್ರ ಹಾಕಿರುವಾಗ. ನಡುವಿನ ಮುಚ್ಚಳ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಒಬ್ಬರು ಬ್ರೇಕ್ ತುಳಿದಿರಲಿ. ಸಾಕೆಟ್ ಪೂರ್ತಿ ಕೂತಿರಬೇಕು, ಬಾರ್‌ನ ತೂಕಕ್ಕೆ ಅದು ಓರೆಯಾಗದಂತೆ ಕೆಳಗೆ ಆಸರೆ ಕೊಡಿ. ಜರ್ಕ್ ಹೊಡೆಯುವುದಕ್ಕಿಂತ ನಿಧಾನವಾಗಿ ಹೆಚ್ಚಿಸುವ ಒತ್ತಡ ಹೆಚ್ಚು ಕೆಲಸ ಮಾಡುತ್ತದೆ. ಅಲುಗಿತು ಎಂದಾದ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಕಾರನ್ನು ಎತ್ತಿಬಿಡಿ. ನಟ್ ಸಡಿಲವಾಗಿದ್ದಾಗ ಕಾರನ್ನು ಉರುಳಿಸಬಾರದು: ಎರಡು ಸಾಲಿನ ವೀಲ್ ಬೇರಿಂಗ್‌ನ ಒಳ ಉಂಗುರಗಳನ್ನು ಒತ್ತಿ ಹಿಡಿಯುವುದು ಆ ನಟ್ಟೇ. ಆ ಒತ್ತಡವಿಲ್ಲದೆ ಭಾರ ಬಿದ್ದರೆ ಬೇರಿಂಗ್ ಗಾಯಗೊಳ್ಳುತ್ತದೆ.

ಕ್ರಮವಾಗಿ ಹೇಳಿ, ಮೊದಲು ಏನು ಬಿಚ್ಚಬೇಕು?

1. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ತೆಗೆಯಿರಿ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಈ ಕೆಲಸದಲ್ಲಿ ಜೋರಾಗಿ ಎಳೆಯುವ, ಬಡಿಯುವ ಹಂತಗಳಿವೆ.
2. ಗೇರ್‌ಬಾಕ್ಸ್ ಎಣ್ಣೆ ಇಳಿಸಿ. ತುಂಬುವ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಇಳಿಸುವ ಪ್ಲಗ್.
3. ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿಯನ್ನು ಶಾಕ್ ಅಬ್ಸಾರ್ಬರಿಗೆ ಹಿಡಿದಿರುವ ಕ್ಲಿಪ್‌ಗಳಿಂದ ಬಿಡಿಸಿ.
4. ಕೆಳ ಬಾಲ್ ಜಾಯಿಂಟ್ ಬಿಡಿಸಿ. ಪಿಂಚ್ ಬೋಲ್ಟ್ ಇದ್ದರೆ ಬೋಲ್ಟನ್ನು ಪೂರ್ತಿ ಹೊರತೆಗೆಯಬೇಕು. ಅದು ಬಾಲ್ ಜಾಯಿಂಟ್ ಕಡ್ಡಿಯ ಗಾಡಿಯೊಳಗೆ ಕೂತಿರುತ್ತದೆ. ಅಗತ್ಯವಿದ್ದರೆ ಟೈ ರಾಡ್ ತುದಿಯನ್ನೂ ಬಿಡಿಸಿ.
5. ಆಕ್ಸಲ್ ನಟ್ ತೆಗೆದು ಶಾಫ್ಟನ್ನು ಹಬ್‌ನಿಂದ ಒಳಕ್ಕೆ ತಳ್ಳಿ, ನಕಲ್ ಅನ್ನು (ಹಬ್ ಹಿಡಿದಿರುವ, ಸ್ಟೀರಿಂಗ್ ಜೊತೆ ತಿರುಗುವ ಭಾಗ) ಹೊರಕ್ಕೆ ತಿರುಗಿಸಿ ಹೊರ ಜಾಯಿಂಟ್ ಬಿಡಿಸಿ. ಬ್ರೇಕ್ ಹೋಸ್ ಮೇಲೆ ಎಳೆತ ಬೀಳಬಾರದು.
6. ಹೊರ ತುದಿ ತೂಗಾಡದಂತೆ ತಂತಿಯಲ್ಲಿ ಕಟ್ಟಿ, ಆಮೇಲೆ ಒಳ ಜಾಯಿಂಟನ್ನು ಗೇರ್‌ಬಾಕ್ಸ್‌ನಿಂದ ಬಿಡಿಸಿ.

ಬಾಲ್ ಜಾಯಿಂಟ್ ಬದಲಿಗೆ ಶಾಕ್ ಅಬ್ಸಾರ್ಬರ್ ಮತ್ತು ನಕಲ್ ಸೇರುವ ಎರಡು ದೊಡ್ಡ ಬೋಲ್ಟ್ ಬಿಚ್ಚುವವರೂ ಇದ್ದಾರೆ. ಆ ದಾರಿ ಸುಲಭ, ಆದರೆ ಅನೇಕ ಕಾರುಗಳಲ್ಲಿ ಕ್ಯಾಂಬರ್ ಕೋನ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಅಲ್ಲೇ ಹೊಂದಿಸಿರುತ್ತದೆ. ಬಿಚ್ಚುವ ಮುನ್ನ ಬೋಲ್ಟ್ ತಲೆ ಮತ್ತು ನಕಲ್‌ನ ಅಂಚಿಗೆ ಗುರುತು ಗೀಚಿ, ಕೆಲಸವಾದ ಮೇಲೆ ಅಲೈನ್‌ಮೆಂಟ್ ಪರೀಕ್ಷಿಸಿ. ಬಾಲ್ ಜಾಯಿಂಟ್ ಮಾತ್ರ ಬಿಡಿಸಿದ್ದರೆ ಆ ಅಗತ್ಯ ಬೀಳುವುದು ಕಡಿಮೆ.

ಶಾಫ್ಟ್ ಹಬ್‌ನಲ್ಲಿ ತುಕ್ಕು ಹಿಡಿದು ಅಂಟಿಕೊಂಡಿದೆ. ಸುತ್ತಿಗೆಯಲ್ಲಿ ಹೊಡೆಯಲೇ?

ಉಕ್ಕಿನ ಸುತ್ತಿಗೆಯಿಂದ ಬರಿ ತುದಿಗೆ ಹೊಡೆದರೆ ಮರೆ ಚಪ್ಪಟೆಯಾಗಿ ನಟ್ ಮತ್ತೆ ಹತ್ತುವುದಿಲ್ಲ. ಹಳೆಯ ನಟ್ಟನ್ನು ಶಾಫ್ಟ್ ತುದಿಯ ಮಟ್ಟಕ್ಕೆ ತಿರುಗಿಸಿ ಬಿಟ್ಟು, ಹಿತ್ತಾಳೆ ಡ್ರಿಫ್ಟ್ ಇಟ್ಟು ನೇರವಾಗಿ ಹೊಡೆಯಿರಿ. ಅಷ್ಟಕ್ಕೆ ಜಗ್ಗದಿದ್ದರೆ ಚಕ್ರದ ಬೋಲ್ಟ್‌ಗಳಿಗೆ ಸಿಕ್ಕಿಸುವ ಪುಲ್ಲರ್ ತನ್ನಿ. ಅದನ್ನು ಬಿಗಿದು, ಒತ್ತಡದಲ್ಲಿಟ್ಟು, ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು, ಪುಲ್ಲರ್ ಸ್ಕ್ರೂ ತಲೆಗೆ ಒಂದು ಪೆಟ್ಟು ಕೊಟ್ಟರೆ ‘ಠಕ್’ ಎಂದು ಬಿಡುತ್ತದೆ. ಬೆಂಕಿ ಹಿಡಿಯಬೇಡಿ, ಬೇರಿಂಗ್‌ನ ಗ್ರೀಸ್ ಮತ್ತು ಸೀಲ್ ಸುಡುತ್ತವೆ. ಶಾಫ್ಟ್ ಜೊತೆಗೆ ಬೇರಿಂಗ್‌ನ ಒಳ ಉಂಗುರವೂ ಕಿತ್ತು ಬಂದರೆ ಬೇರಿಂಗ್ ಬದಲಿಸಲೇಬೇಕು. ಮತ್ತೆ ಒತ್ತಿ ಕೂರಿಸಿ ಓಡಿಸುವ ಪ್ರಯತ್ನ ಬೇಡ.

ಒಳ ಜಾಯಿಂಟ್ ಗೇರ್‌ಬಾಕ್ಸ್‌ನಿಂದ ಬರುತ್ತಲೇ ಇಲ್ಲ. ಶಾಫ್ಟ್ ಹಿಡಿದು ಎಳೆದರೆ ಏನಾಗುತ್ತೆ?

ಶಾಫ್ಟ್ ಎಳೆದರೆ ಟ್ರೈಪಾಡ್ ತನ್ನ ಬಟ್ಟಲಿನಿಂದ (ಜಾಯಿಂಟ್‌ನ ಹೊರ ಕವಚದಿಂದ) ಕಳಚುತ್ತದೆ, ಬೂಟ್ ಹರಿಯುತ್ತದೆ, ಬಟ್ಟಲು ಮಾತ್ರ ಗೇರ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ಬಲ ಬೀಳಬೇಕಾದ್ದು ಬಟ್ಟಲಿನ ಮೇಲೆ.

ಒಳ ತುದಿಯ ಸ್ಪ್ಲೈನ್ ಮೇಲೆ ಒಂದು ಸಣ್ಣ ತಂತಿ ಉಂಗುರ, ಅಂದರೆ ಸರ್ಕ್ಲಿಪ್, ಡಿಫರೆನ್ಶಿಯಲ್ ಗೇರಿನೊಳಗೆ ಸಿಕ್ಕಿಕೊಂಡಿರುತ್ತದೆ. ಅದು ಕುಗ್ಗಿದರೆ ಮಾತ್ರ ಶಾಫ್ಟ್ ಬರುತ್ತದೆ. ಬಟ್ಟಲು ಮತ್ತು ಗೇರ್‌ಬಾಕ್ಸ್ ನಡುವೆ ಮೀಟುಗೋಲು ಇಟ್ಟು ನಿಧಾನವಾಗಿ ಒತ್ತುತ್ತ ಹೋಗುವುದಲ್ಲ, ಒಂದೇ ಚುರುಕಾದ ಜಗ್ಗು ಕೊಡಬೇಕು. ಬರಲಿಲ್ಲವೇ, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಪ್ರಯತ್ನಿಸಿ. ಉಂಗುರದ ಬಾಯಿ ಬೇರೆ ಜಾಗಕ್ಕೆ ಬಂದಾಗ ಅನೇಕ ಸಲ ಥಟ್ಟನೆ ಬಿಡುತ್ತದೆ. ಎದುರುಬದುರು ಎರಡು ಮೀಟುಗೋಲು ಇನ್ನೂ ಒಳ್ಳೆಯದು. ಗೋಲು ಊರುವ ಜಾಗ ದಪ್ಪ ಎರಕವಿರುವಲ್ಲಿ ಇರಲಿ. ಅಲ್ಯುಮಿನಿಯಂ ಕೇಸಿನ ತೆಳು ಅಂಚು ಚೂರಾಗುತ್ತದೆ, ಸೀಲ್‌ಗೆ ಗೋಲು ತಾಗಿದರೆ ಸೋರುತ್ತದೆ.

ಎಲ್ಲ ಕಾರುಗಳೂ ಹೀಗಿಲ್ಲ. ಕೆಲವದರಲ್ಲಿ ಒಳ ಜಾಯಿಂಟ್ ಚಪ್ಪಟೆ ಫ್ಲ್ಯಾಂಜಿಗೆ ಆರು ಬೋಲ್ಟ್‌ಗಳಿಂದ ಕೂತಿರುತ್ತದೆ. ಆ ಬೋಲ್ಟ್ ತಲೆಯೊಳಗಿನ ಕೊಳೆಯನ್ನು ಮೊನಚು ಕಡ್ಡಿಯಿಂದ ಪೂರ್ತಿ ತೆಗೆದು ಬಿಟ್‌ನ ತಲೆ ತಳ ಮುಟ್ಟುವಂತೆ ಬಡಿದು ಕೂರಿಸಿದ ಮೇಲೆಯೇ ತಿರುಗಿಸಿ. ಇನ್ನು ಕೆಲವದರಲ್ಲಿ ಒಂದು ಬದಿಗೆ ಎಂಜಿನ್ ಬ್ಲಾಕಿಗೆ ಬ್ರಾಕೆಟ್‌ನಲ್ಲಿ ಹಿಡಿದ ಮಧ್ಯಂತರ ಶಾಫ್ಟ್ ಇರುತ್ತದೆ. ಬ್ರಾಕೆಟ್ ಬೋಲ್ಟ್ ಬಿಚ್ಚದೆ ಅಲ್ಲಿ ಮೀಟಿ ಪ್ರಯೋಜನವಿಲ್ಲ.

ಎರಡೂ ಆಕ್ಸಲ್ ಒಟ್ಟಿಗೇ ಹೊರಗೆ ತೆಗೆಯಬಹುದಾ?

ಒಂದು ಮುಗಿಸಿ ಇನ್ನೊಂದು ತೆಗೆಯುವುದೇ ಕ್ಷೇಮ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಡಿಫರೆನ್ಶಿಯಲ್ ಒಳಗಿನ ಸೈಡ್ ಗೇರ್‌ಗಳನ್ನು ಸ್ಥಾನದಲ್ಲಿ ಹಿಡಿದಿರುವುದು ಶಾಫ್ಟ್‌ಗಳೇ. ಎರಡೂ ಇಲ್ಲದಿದ್ದಾಗ ಗೇರ್ ಜಾರಿದರೆ ಸ್ಪ್ಲೈನ್ ಹೊಂದುವುದಿಲ್ಲ, ಗೇರ್‌ಬಾಕ್ಸ್ ಇಳಿಸಬೇಕಾಗಿ ಬರಬಹುದು. ಎರಡನ್ನೂ ತೆಗೆಯಲೇಬೇಕಾದರೆ ಒಂದು ಬದಿಗೆ ಸರಿ ಅಳತೆಯ ಮರದ ಗೂಟ ಅಥವಾ ಹಳೆಯ ಶಾಫ್ಟ್ ತುದಿ ಸಿಕ್ಕಿಸಿಡಿ.

## ಬೂಟ್ ಬದಲಿಸುವುದು, ಮತ್ತೆ ಜೋಡಿಸುವುದು

ಬೂಟ್ ಹಾಕುವಾಗ ಜಾಯಿಂಟ್ ಹೇಗೆ ಬಿಚ್ಚುವುದು? ಗುಂಡುಗಳೆಲ್ಲ ಉದುರಿಬಿಡುತ್ತವೇನೋ ಅಂತ ಭಯ.

ಹೊರ ಜಾಯಿಂಟಿಗೆ ಗುಂಡು ಬಿಚ್ಚುವ ಅಗತ್ಯವೇ ಇಲ್ಲ. ಕ್ಲಾಂಪ್ ಕತ್ತರಿಸಿ, ಹಳೆಯ ಬೂಟ್ ಸೀಳಿ ತೆಗೆದು ಗ್ರೀಸ್ ಒರೆಸಿ. ಶಾಫ್ಟನ್ನು ಮೆತ್ತನೆ ದವಡೆಯ ವೈಸ್‌ನಲ್ಲಿ ಹಿಡಿದು ಜಾಯಿಂಟನ್ನು ಬಾಗಿಸಿ ನೋಡಿ. ಹೊರಗೆ ಕಾಣುವ ಸ್ನ್ಯಾಪ್ ರಿಂಗ್ ಇದ್ದರೆ ಇಕ್ಕಳದಿಂದ ಅಗಲಿಸಿ ಜಾಯಿಂಟ್ ಎಳೆಯಿರಿ. ಕಾಣದಿದ್ದರೆ ಸ್ಪ್ಲೈನ್ ಒಳಗೆ ತಂತಿ ಉಂಗುರವಿರುತ್ತದೆ: ಹಿತ್ತಾಳೆ ಡ್ರಿಫ್ಟನ್ನು ಜಾಯಿಂಟ್‌ನ ಒಳ ರೇಸ್ (ಶಾಫ್ಟ್ ಕೂರುವ ಒಳ ಉಂಗುರ) ಮೇಲಿಟ್ಟು ಶಾಫ್ಟ್‌ನ ಉದ್ದಕ್ಕೆ ನೇರವಾಗಿ ಒಂದು ಗಟ್ಟಿ ಪೆಟ್ಟು. ಗುಂಡುಗಳನ್ನು ಹಿಡಿದಿರುವ ಪಂಜರಕ್ಕೆ ಪೆಟ್ಟು ಬೀಳಬಾರದು.

ಒಳ ಟ್ರೈಪಾಡ್‌ನಲ್ಲಿ ಬಿಚ್ಚುವ ಮುನ್ನ ಬಟ್ಟಲು, ಟ್ರೈಪಾಡ್, ಶಾಫ್ಟ್ ಮೂರಕ್ಕೂ ಒಂದೇ ಗೆರೆಯಲ್ಲಿ ಬಣ್ಣದ ಗುರುತು ಹಾಕಿ. ಸವೆತದ ಜೊತೆ ಹೊಂದಿಕೊಂಡ ರೋಲರ್‌ಗಳು ಅದೇ ಗಾಡಿಗೆ ಮರಳಬೇಕು. ಬಟ್ಟಲು ಎಳೆದ ಕೂಡಲೇ ಮೂರು ರೋಲರ್‌ಗಳ ಸುತ್ತ ಟೇಪ್ ಸುತ್ತಿ. ಕೆಲವದರಲ್ಲಿ ರೋಲರ್ ಜಾರಿದರೆ ಸೂಜಿಯಂಥ ಸಣ್ಣ ಬೇರಿಂಗ್‌ಗಳು ಚೆಲ್ಲಿಹೋಗುತ್ತವೆ. ಸರ್ಕ್ಲಿಪ್ ತೆಗೆದು ಟ್ರೈಪಾಡ್ ಕಳಚಿ, ಯಾವ ಮುಖ ಹೊರಗಿತ್ತು ಗುರುತಿಟ್ಟುಕೊಳ್ಳಿ.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಳಿದ ದ್ರಾವಕ ಹೊಸ ಗ್ರೀಸನ್ನು ತೆಳ್ಳಗಾಗಿಸುತ್ತದೆ. ಜಾಯಿಂಟನ್ನು ಎಲ್ಲ ದಿಕ್ಕಿಗೂ ಬಾಗಿಸಿ ಒಂದೊಂದೇ ಗುಂಡು, ಗಾಡಿ, ಪಂಜರದ ಕಿಟಕಿ ನೋಡಿ. ಹೊಳೆಯುವ ಓಟದ ಪಟ್ಟಿ ಸಹಜ. ಉಗುರು ಆಡಿಸಿದರೆ ತಡೆಯುವ ಗುಳಿ, ಸುಲಿದ ಮೈ, ನೀಲಿಗಟ್ಟಿದ ಬಣ್ಣ, ಪಂಜರದಲ್ಲಿ ಬಿರುಕು ಇವುಗಳಲ್ಲಿ ಯಾವುದಿದ್ದರೂ ಜಾಯಿಂಟ್ ಬದಲಿಸಿ.

ಜೋಡಿಸುವಾಗ ಕ್ರಮ ತಪ್ಪಬೇಡಿ. ಸ್ಪ್ಲೈನ್‌ಗೆ ಟೇಪ್ ಸುತ್ತಿ ಮೊದಲು ಸಣ್ಣ ಕ್ಲಾಂಪ್, ಆಮೇಲೆ ಬೂಟ್, ಆಮೇಲೆ ದೊಡ್ಡ ಕ್ಲಾಂಪ್, ಕೊನೆಗೆ ಟೇಪ್ ತೆಗೆದು ಹೊಸ ಉಂಗುರದೊಂದಿಗೆ ಜಾಯಿಂಟ್. ಕೂತ ಮೇಲೆ ಜಾಯಿಂಟನ್ನು ಬಲವಾಗಿ ಎಳೆದು ನೋಡಿ.

ಗ್ರೀಸ್ ಯಾವುದು, ಎಷ್ಟು?

ಬೂಟ್ ಜೊತೆ ಬರುವ ಪೊಟ್ಟಣದ ಗ್ರೀಸೇ ಸರಿ, ಪೂರ್ತಿ ಪೊಟ್ಟಣ ಹಾಕಿ. ಸಣ್ಣ ಮತ್ತು ಮಧ್ಯಮ ಕಾರುಗಳ ಹೊರ ಜಾಯಿಂಟಿಗೆ ಸುಮಾರು 80ರಿಂದ 120 ಗ್ರಾಂ, ಒಳಗಿನದಕ್ಕೆ 100ರಿಂದ 180 ಗ್ರಾಂ ಬೇಕಾಗುತ್ತದೆ. ಹೊರ ಜಾಯಿಂಟಿಗೆ ಸಾಮಾನ್ಯವಾಗಿ ಮಾಲಿಬ್ಡಿನಂ ಡೈಸಲ್ಫೈಡ್ ಸೇರಿದ ಕಪ್ಪು ಗ್ರೀಸ್. ಟ್ರೈಪಾಡಿಗೆ ಕೆಲವು ತಯಾರಕರು ಬೇರೆಯದೇ ಗ್ರೀಸ್ ಹೇಳುತ್ತಾರೆ, ಎರಡನ್ನು ಬೆರೆಸಬೇಡಿ. ಅರ್ಧಕ್ಕಿಂತ ಹೆಚ್ಚು ಗ್ರೀಸನ್ನು ಜಾಯಿಂಟ್ ಒಳಗೇ ಬೆರಳಿನಿಂದ ಒತ್ತಿ, ಉಳಿದದ್ದು ಬೂಟಿಗೆ. ವೀಲ್ ಬೇರಿಂಗ್ ಗ್ರೀಸ್ ಇಲ್ಲಿ ಸಲ್ಲದು.

ಹೊಸ ಬೂಟ್ ಒಳಕ್ಕೆ ಹೀರಿಕೊಂಡ ಹಾಗೆ ಚಪ್ಪಟೆಯಾಗಿದೆ.

ಒಳಗಿನ ಗಾಳಿ ಸರಿಹೋಗಿಲ್ಲ. ಶಾಫ್ಟನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದ ಉದ್ದಕ್ಕೆ ಹಿಡಿದು, ದೊಡ್ಡ ಕ್ಲಾಂಪ್ ಬಿಗಿದು, ಸಣ್ಣ ತುಟಿಯ ಕೆಳಗೆ ಮೊಂಡು ತುದಿಯ ತೆಳು ಸ್ಕ್ರೂಡ್ರೈವರ್ ತೂರಿಸಿ ಗಾಳಿ ಒಳಹೊರಗೆ ಸಮವಾಗಲು ಬಿಡಿ. ಬೂಟ್ ತನ್ನ ಆಕಾರಕ್ಕೆ ಬಂದಮೇಲೆ ಸಣ್ಣ ಕ್ಲಾಂಪ್ ಬಿಗಿಯಿರಿ. ಗಟ್ಟಿ ಪ್ಲಾಸ್ಟಿಕ್ ಬೂಟಿಗೆ ಕಿವಿ ಒತ್ತುವ ಉಕ್ಕಿನ ಕ್ಲಾಂಪೇ ಬೇಕು, ಪ್ಲಾಸ್ಟಿಕ್ ಕೇಬಲ್ ಟೈ ಅದನ್ನು ಹಿಡಿಯುವುದಿಲ್ಲ.

ಆಕ್ಸಲ್ ಗೇರ್‌ಬಾಕ್ಸ್ ಒಳಗೆ ಪೂರ್ತಿ ಕೂತಿದೆ ಅಂತ ಹೇಗೆ ತಿಳಿಯುವುದು?

ಸೀಲ್ ಬದಲಿಸಿ, ಅದರ ತುಟಿಗೆ ಎಣ್ಣೆ ಸವರಿ. ಹಳೆಯ ಸೀಲ್ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಹೊಸದು ಓರೆಯಿಲ್ಲದೆ ಹೋಗಬೇಕು. ಸರ್ಕ್ಲಿಪ್‌ಗೆ ಒಂದಿಷ್ಟು ಗ್ರೀಸ್ ಹಚ್ಚಿ ಗಾಡಿಯ ನಡುವೆ ನಿಲ್ಲಿಸಿ. ಶಾಫ್ಟ್‌ನ ಭಾರ ಸೀಲ್ ಮೇಲೆ ಬೀಳದಂತೆ ನೇರವಾಗಿ ಹಿಡಿದು ತೂರಿಸಿ, ಸ್ಪ್ಲೈನ್ ಹೊಂದಿದ ಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಚುರುಕಾಗಿ ಒತ್ತಿ. ಉಂಗುರ ಸಿಕ್ಕಿಕೊಂಡ ‘ಕ್ಲಿಕ್’ ಕೈಗೆ ತಿಳಿಯುತ್ತದೆ. ಆಮೇಲೆ ಬಟ್ಟಲನ್ನೇ ಹಿಡಿದು ಹೊರಕ್ಕೆ ಎಳೆಯಿರಿ: ಒಂದೆರಡು ಮಿಮೀ ಆಡಬಹುದು, ಹೊರಬರಬಾರದು. ಅರ್ಧ ಕೂತ ಆಕ್ಸಲ್ ಓಡುವಾಗ ಜಾರಿ, ಎಣ್ಣೆಯನ್ನೆಲ್ಲ ಚೆಲ್ಲುತ್ತದೆ.

ಆಕ್ಸಲ್ ನಟ್ ಎಷ್ಟು ಬಿಗಿಯಬೇಕು? ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿದರೆ ಸಾಲದೇ?

ಸಾಲದು. ಬಿಚ್ಚಲು ಇಂಪ್ಯಾಕ್ಟ್ ಗನ್ ಸರಿ, ಬಿಗಿಯಲು ಟಾರ್ಕ್ ವ್ರೆಂಚೇ ಬೇಕು. ಹೆಚ್ಚಿನ ಕಾರುಗಳಲ್ಲಿ ಅಂಕಿ 150ರಿಂದ 300 ನ್ಯೂಟನ್ ಮೀಟರ್ ನಡುವೆ ಬರುತ್ತದೆ. ಕೆಲವು ಕಾರುಗಳಲ್ಲಿ ಒಂದು ಟಾರ್ಕ್‌ಗೆ ಬಿಗಿದು, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಬೇಕು. ಅಂಥ ಬೋಲ್ಟ್ ಒಂದೇ ಬಾರಿಗೆ. ಕಡಿಮೆಯಾದರೆ ಬೇರಿಂಗ್ ಸಡಿಲ, ಅತಿಯಾದರೆ ಬೇರಿಂಗ್ ಬಿಗಿದು ಕಾಯುತ್ತದೆ.

ಚಕ್ರ ಗಾಳಿಯಲ್ಲಿರುವಾಗಲೇ, ಒಬ್ಬರು ಬ್ರೇಕ್ ತುಳಿದಿದ್ದು, ಪೂರ್ತಿ ಬಿಗಿದು ಮುಗಿಸಿ. ಕಾರಿನ ಭಾರ ಆಮೇಲೆ ಬೀಳಲಿ. ಅಂಚು ಬಡಿಯುವ ನಟ್ಟನ್ನು ಮೊಂಡು ತುದಿಯ ಪಂಚ್‌ನಿಂದ ಗಾಡಿಯೊಳಕ್ಕೆ ಒತ್ತಿ, ಹರಿತ ಉಳಿ ಲೋಹವನ್ನು ಸೀಳುತ್ತದೆ. ಸೀಳು ಪಿನ್ ಇರುವ ನಟ್‌ನ ರಂಧ್ರ ಹೊಂದದಿದ್ದರೆ ಮುಂದಕ್ಕೆ ತಿರುಗಿಸಿ ಹೊಂದಿಸಿ, ಹಿಂದಕ್ಕೆ ಸಡಿಲಿಸಿ ಅಲ್ಲ.

ಕೊನೆಗೆ ಎಣ್ಣೆ ಎಷ್ಟು ತುಂಬಲಿ?

ಮ್ಯಾನ್ಯುಯಲ್ ಗೇರ್‌ಬಾಕ್ಸಾದರೆ ಕಾರು ಸಮತಟ್ಟಾಗಿ ನಿಂತಿರುವಾಗ ತುಂಬುವ ರಂಧ್ರದ ಕೆಳ ಅಂಚಿನಿಂದ ಎಣ್ಣೆ ತುಳುಕುವವರೆಗೆ. ಇದು ಬಹುತೇಕ ಕಾರುಗಳಿಗೆ ಹೊಂದುತ್ತದೆ. ಆಟೋಮ್ಯಾಟಿಕ್ಕಿಗೆ ತಯಾರಕರು ಹೇಳಿದ ಎಣ್ಣೆಯೇ, ಹೇಳಿದ ಉಷ್ಣತೆಯಲ್ಲಿ ಮಟ್ಟ ನೋಡಿ. ಎಂಜಿನ್ ಚಾಲೂ ಮಾಡುವ ಮುನ್ನವೇ ಎಣ್ಣೆ ತುಂಬಿ ಮುಗಿದಿರಬೇಕು.

## ಕೆಲಸ ಮುಗಿದ ಮೇಲಿನ ತೊಡಕುಗಳು

ಹೊಸ ಆಕ್ಸಲ್ ಹಾಕಿದ ಮೇಲೆ ನಡುಕ ಶುರುವಾಗಿದೆ. ಮೊದಲು ಇರಲಿಲ್ಲ.

ಯಾವಾಗ ನಡುಗುತ್ತದೆ ಎಂಬುದರಲ್ಲಿ ಉತ್ತರವಿದೆ. ಗೇರ್ ಹಾಕಿ ಬ್ರೇಕ್ ಹಿಡಿದು ನಿಂತಾಗ ನಡುಕವಿದ್ದರೆ ಹೊಸ ಆಕ್ಸಲ್‌ನ ಒಳ ಜಾಯಿಂಟ್ ಸರಾಗವಾಗಿ ಜಾರುತ್ತಿಲ್ಲ, ಎಂಜಿನ್‌ನ ಅದಿರಾಟವನ್ನು ನೇರವಾಗಿ ಚಕ್ರಕ್ಕೂ ಬಾಡಿಗೂ ದಾಟಿಸುತ್ತಿದೆ. ವೇಗ ಹೆಚ್ಚಿಸುವಾಗ ಮಾತ್ರವಿದ್ದರೆ ಟ್ರೈಪಾಡ್‌ನ ಗುಣಮಟ್ಟ ಇರಬಹುದು, ಅಥವಾ ಕುಸಿದ ಎಂಜಿನ್ ಮೌಂಟ್, ಎತ್ತರಿಸಿದ ಸಸ್ಪೆನ್ಶನ್‌ನಿಂದ ಒಳ ಜಾಯಿಂಟ್ ಮಿತಿ ಮೀರಿ ಬಾಗಿರಬಹುದು. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದು ವೇಗದಲ್ಲಿ ಒಂದೇ ಸಮ ನಡುಗಿದರೆ ಚಕ್ರದ ಬ್ಯಾಲೆನ್ಸ್ ನೋಡಿ, ಹಬ್ ಮತ್ತು ರಿಮ್ ನಡುವೆ ತುಕ್ಕಿನ ಚೂರು ಸಿಕ್ಕಿದೆಯೇ ನೋಡಿ. ಈ ಕಾರಣಕ್ಕೇ ಹೊಸದನ್ನು ಓಡಿಸಿ ನೋಡುವ ತನಕ ಹಳೆಯ ಆಕ್ಸಲ್ ಯಾರಿಗೂ ಕೊಡಬೇಡಿ ಎನ್ನುವುದು.

ಸೀಲ್ ಹೊಸದು ಹಾಕಿದರೂ ಎಣ್ಣೆ ಜಿನುಗುತ್ತಿದೆ.

ತುಟಿ ಮಡಚಿರಬಹುದು, ಸ್ಪ್ಲೈನ್ ಗೀರಿರಬಹುದು, ಓರೆಯಾಗಿ ಕೂತಿರಬಹುದು. ಇವಿಲ್ಲದಿದ್ದರೆ ಬಟ್ಟಲಿನ ಮೇಲೆ ಸೀಲ್ ಓಡುವ ಜಾಗದಲ್ಲಿ ಉಗುರಿಗೆ ಸಿಗುವ ಗಾಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ತುಟಿ ಹೊಸ ಜಾಗ ಮುಟ್ಟುವಂತೆ ಸೀಲನ್ನು ಒಂದೆರಡು ಮಿಮೀ ಬೇರೆ ಆಳದಲ್ಲಿ ಕೂರಿಸಬಹುದು, ಅಥವಾ ತೆಳು ಉಕ್ಕಿನ ರಿಪೇರಿ ತೋಳು ತೊಡಿಸಬಹುದು. ಗೇರ್‌ಬಾಕ್ಸ್‌ನ ಉಸಿರಾಟದ ರಂಧ್ರ ಕಟ್ಟಿದ್ದರೆ ಬಿಸಿಯಾದಾಗ ಒಳ ಒತ್ತಡ ಏರಿ ಒಳ್ಳೆಯ ಸೀಲೂ ಸೋರುತ್ತದೆ.

ಎಬಿಎಸ್ ದೀಪ ಹತ್ತಿಕೊಂಡಿದೆ, ನಿಧಾನವಾಗಿ ನಿಲ್ಲಿಸುವಾಗಲೂ ಪೆಡಲ್ ಗುಡುಗುತ್ತದೆ.

ಹೊರ ಜಾಯಿಂಟ್ ಮೇಲಿನ ಹಲ್ಲಿನ ಉಂಗುರ ನೋಡಿ. ಕೆಳಗಿನ ತುಕ್ಕು ಉಬ್ಬಿ ಅದು ಬಿರಿದಿರುತ್ತದೆ, ಇಲ್ಲವೇ ಹೊಸ ಆಕ್ಸಲ್‌ನಲ್ಲಿ ಹಲ್ಲುಗಳ ಸಂಖ್ಯೆ ಬೇರೆ. ಎರಡೂ ಸರಿಯಿದ್ದರೆ ಕೆಲಸದ ವೇಳೆ ಸೆನ್ಸರ್ ತಂತಿ ಎಳೆದುಹೋಗಿರಬಹುದು, ಸೆನ್ಸರ್ ತುದಿಗೆ ಲೋಹದ ಪುಡಿ ಅಂಟಿರಬಹುದು.

ನನ್ನದು ಹಿಂಚಕ್ರ ಚಾಲನೆಯ ಹಳೆಯ ಕಾರು. ಹಿಂದಿನ ಡ್ರಮ್ ಒಳಗೆಲ್ಲ ಎಣ್ಣೆ. ಅಲ್ಲಿಯೂ ಇದೇ ಕ್ರಮವೇ?

ಅಲ್ಲ. ಗಟ್ಟಿ ಕೊಳವೆಯ ಹಿಂದಿನ ಆಕ್ಸಲ್‌ನಲ್ಲಿ ಸಿವಿ ಜಾಯಿಂಟ್ ಇಲ್ಲ. ಒಂದೇ ಉಕ್ಕಿನ ಅರ್ಧ ಶಾಫ್ಟ್, ತುದಿಯಲ್ಲಿ ಬೇರಿಂಗ್ ಮತ್ತು ಸೀಲ್. ಮೊದಲು ಅದನ್ನು ಹಿಡಿದಿರುವುದು ಏನೆಂದು ತಿಳಿಯಿರಿ. ಒಂದು ಬಗೆಯಲ್ಲಿ ಬ್ರೇಕ್ ತಟ್ಟೆಯ ಹತ್ತಿರ, ಫ್ಲ್ಯಾಂಜಿನ ರಂಧ್ರದ ಮೂಲಕ ಕಾಣುವ ನಾಲ್ಕು ನಟ್‌ಗಳು ಬೇರಿಂಗ್ ಹಿಡಿದಿರುತ್ತವೆ. ಅವನ್ನು ಬಿಚ್ಚಿ, ಸ್ಲೈಡ್ ಹ್ಯಾಮರ್‌ನಿಂದ ಶಾಫ್ಟ್ ಹೊರಗೆಳೆಯಬೇಕು. ಬೇರಿಂಗ್ ಹಿಂದಿನ ಒತ್ತು ಉಂಗುರವನ್ನು ಗ್ರೈಂಡರ್‌ನಿಂದ ಅರೆಬರೆ ಕೊಯ್ದು ಉಳಿಯಿಂದ ಬಿರಿಸುತ್ತಾರೆ; ಗ್ರೈಂಡರ್ ಶಾಫ್ಟ್‌ಗೆ ತಾಗಿದರೆ ಮುಂದೆ ಅಲ್ಲೇ ಮುರಿಯುತ್ತದೆ. ಹೊಸ ಬೇರಿಂಗ್ ಮತ್ತು ಉಂಗುರಕ್ಕೆ ಪ್ರೆಸ್ ಬೇಕು. ಹಿಡಿಯುವ ತಟ್ಟೆಯನ್ನು ಶಾಫ್ಟ್‌ಗೆ ಮೊದಲೇ ಏರಿಸಲು ಮರೆಯಬೇಡಿ, ಬೇರಿಂಗ್ ಒತ್ತಿದ ಮೇಲೆ ಅದು ಹೋಗುವುದಿಲ್ಲ.

ಇನ್ನೊಂದು ಬಗೆಯಲ್ಲಿ ಡಿಫರೆನ್ಶಿಯಲ್ ಒಳಗೆ ‘ಸಿ’ ಆಕಾರದ ಕ್ಲಿಪ್. ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಅಡ್ಡ ಪಿನ್‌ನ ಬೋಲ್ಟ್ ಬಿಚ್ಚಿ ಪಿನ್ ಎಳೆದು, ಶಾಫ್ಟನ್ನು ಒಳಕ್ಕೆ ತಳ್ಳಿದರೆ ಕ್ಲಿಪ್ ಬೀಳುತ್ತದೆ, ಶಾಫ್ಟ್ ಹೊರಬರುತ್ತದೆ. ಪಿನ್ ಇಲ್ಲದಿರುವಾಗ ಇನ್ನೊಂದು ಚಕ್ರ ತಿರುಗಿಸಬೇಡಿ, ಒಳಗಿನ ಸಣ್ಣ ಗೇರ್‌ಗಳು ಉರುಳಿ ಬೀಳುತ್ತವೆ. ಬೇರಿಂಗ್ ಓಡುವ ಜಾಗದಲ್ಲಿ ಶಾಫ್ಟ್ ಸವೆದು ಮೆಟ್ಟಿಲಾಗಿದ್ದರೆ ಶಾಫ್ಟೂ ಬದಲಾಗಬೇಕು.

ಎರಡೂ ಬಗೆಯಲ್ಲಿ ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ತೊಳೆದು ಮತ್ತೆ ಹಾಕಬೇಡಿ. ಬಿಸಿಯಾದಾಗ ಎಣ್ಣೆ ಮತ್ತೆ ಮೇಲೆ ಬಂದು ಆ ಚಕ್ರದ ಬ್ರೇಕ್ ಹಿಡಿಯುವುದಿಲ್ಲ, ಕಾರು ಒಂದು ಬದಿಗೆ ಎಳೆಯುತ್ತದೆ. ಎರಡೂ ಹಿಂಚಕ್ರಗಳ ಶೂಗಳನ್ನು ಜೊತೆಯಾಗಿಯೇ ಬದಲಿಸಿ.